ಪಠ್ಯಪುಸ್ತಕಕ್ಕೆ ಕೊನೆಯ ಸಹಿ ಯಾರದು?

1977ರಲ್ಲಿ ಜನತಾ ಸರ್ಕಾರ ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ ಪ್ರಧಾನಿ ಮೊರಾರ್ಜಿ ದೇಸಾಯಿಯವರಿಗೆ ಸಹಿಯಿಲ್ಲದ ಟಿಪ್ಪಣಿಯೊಂದು ತಲುಪಿತು. ರೋಮಿಲಾ ಥಾಪರ್, ಬಿಪನ್ ಚಂದ್ರ ಮೊದಲಾದವರ ಇತಿಹಾಸ ಪುಸ್ತಕಗಳ ಮೇಲೆ ಅದರಲ್ಲಿ ದೂರಿತ್ತು. ಮರುವರ್ಷ ಆರ್.ಎಸ್. ಶರ್ಮಾ ಅವರ ಪ್ರಾಚೀನ ಭಾರತದ ಪಠ್ಯವನ್ನು ಸಿಬಿಎಸ್‌ಇ ಕೈಬಿಟ್ಟಿತು. ವಾಜಪೇಯಿ ಸರ್ಕಾರದ ಕಾಲಕ್ಕೆ, 2001ರಲ್ಲಿ, ಇದೇ ಪೀಳಿಗೆಯ ಪುಸ್ತಕಗಳಿಂದ ಕೆಲವು ಭಾಗಗಳಿಗೆ ಕತ್ತರಿ ಬಿತ್ತು. 2002ರಲ್ಲಿ ಹೊಸ ಪುಸ್ತಕಗಳು ಬಂದವು. 2004ರಲ್ಲಿ ಸರ್ಕಾರ ಬದಲಾದ ಮೇಲೆ ಅವೂ ಹೋದವು. ಇದನ್ನು ಎಡ-ಬಲಗಳ ಸೈದ್ಧಾಂತಿಕ ಕದನವೆಂದು ವಿವರಿಸುವುದು ರೂಢಿ. ಅದು ಸುಳ್ಳಲ್ಲ. ಆದರೆ ಕದನ ಏಕೆ ಮುಗಿಯುವುದೇ ಇಲ್ಲ ಎಂಬುದಕ್ಕೆ ಸಿದ್ಧಾಂತದಲ್ಲಿ ಉತ್ತರವಿಲ್ಲ. ಉತ್ತರವಿರುವುದು ಪಠ್ಯದ ಮೇಲಿನ ಕೊನೆಯ ಮಾತು ಆಯಾ ಕಾಲದ ಸರ್ಕಾರದ್ದೇ ಆಗಿರುವ ವ್ಯವಸ್ಥೆಯಲ್ಲಿ.

ಈ ವ್ಯವಸ್ಥೆಗೆ ಕಾನೂನಿನ ಕಡಿವಾಣವಿಲ್ಲವೆಂಬುದು ಅರುಣಾ ರಾಯ್ ಪ್ರಕರಣದಲ್ಲಿ ಸ್ಪಷ್ಟವಾಯಿತು. 2000ದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ರೂಪಿಸುವಾಗ ಕೇಂದ್ರೀಯ ಶಿಕ್ಷಣ ಸಲಹಾ ಮಂಡಳಿಯನ್ನು ಕೇಳಲಿಲ್ಲ ಎಂಬುದು ಅರ್ಜಿದಾರರ ಆಕ್ಷೇಪಗಳಲ್ಲೊಂದು. ರಾಜ್ಯಗಳ ಶಿಕ್ಷಣ ಸಚಿವರಿಗೂ ಸ್ಥಾನವಿದ್ದ ಆ ಮಂಡಳಿ 1994ರ ನಂತರ ಪುನರ್ರಚನೆಯೇ ಆಗಿರಲಿಲ್ಲ. ಮಂಡಳಿಗೆ ಶಾಸನದ ಬಲವಿಲ್ಲ, ಹಾಗಾಗಿ ಅದನ್ನು ಕೇಳದಿದ್ದ ಮಾತ್ರಕ್ಕೆ ಚೌಕಟ್ಟು ಅಸಿಂಧುವಾಗದು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪಿತ್ತಿತು. ಸಮಾಲೋಚನೆ ಒಳ್ಳೆಯದೇ, ಆದರೆ ಮಾಡಲೇಬೇಕೆಂಬ ನಿರ್ಬಂಧವಿಲ್ಲ ಎಂದಾಯಿತು.

ಕರ್ನಾಟಕದಲ್ಲಿ ಇದರ ಫಲ ಇನ್ನೂ ನಿಚ್ಚಳ. ಸಿದ್ದರಾಮಯ್ಯನವರ ಮೊದಲ ಅವಧಿಯಲ್ಲಿ ಬರಗೂರು ರಾಮಚಂದ್ರಪ್ಪನವರ ಸಮಿತಿ ಪರಿಷ್ಕರಿಸಿದ ಪಠ್ಯಗಳನ್ನು, ಬಿಜೆಪಿ ಸರ್ಕಾರ ನೇಮಿಸಿದ ರೋಹಿತ್ ಚಕ್ರತೀರ್ಥರ ಸಮಿತಿ ಮರುಪರಿಷ್ಕರಿಸಿತು. 2022ರಲ್ಲಿ ಹತ್ತನೇ ತರಗತಿಯ ಕನ್ನಡ ಪುಸ್ತಕಕ್ಕೆ ಆರ್‌ಎಸ್‌ಎಸ್ ಸ್ಥಾಪಕ ಹೆಡಗೇವಾರರ ಪಾಠ ಬಂತು, ಪಿ. ಲಂಕೇಶ್, ಸಾರಾ ಅಬೂಬಕ್ಕರ್ ಅವರ ಬರಹಗಳು ಹೋದವು. ಬಸವಣ್ಣನವರ ಚಿತ್ರಣವನ್ನು ಮಠಾಧೀಶರು ಆಕ್ಷೇಪಿಸಿದರು. ಅಂಬೇಡ್ಕರ್ ಕುರಿತ ಪಾಠದಿಂದ ‘ಸಂವಿಧಾನ ಶಿಲ್ಪಿ’ ಎಂಬ ಮಾತು ಬಿಟ್ಟುಹೋದದ್ದಕ್ಕೂ ಪ್ರತಿಭಟನೆಯಾಯಿತು. ಸರ್ಕಾರ ತಿದ್ದುಪಡಿಗೆ ಆದೇಶಿಸಬೇಕಾಯಿತು. ಇಷ್ಟೆಲ್ಲ ಗದ್ದಲದ ನಡುವೆ ದೇವನೂರ ಮಹಾದೇವ ತಮ್ಮ ಬರಹಕ್ಕೆ ಕೊಟ್ಟಿದ್ದ ಅನುಮತಿಯನ್ನು ಹಿಂಪಡೆದರು. ಪಠ್ಯವಾದ ಮೇಲೆ ಲೇಖಕನ ಕೈಯಲ್ಲಿ ಉಳಿಯುವ ಅಧಿಕಾರ ಅಷ್ಟೇ: ‘ನನ್ನದು ಬೇಡ’ ಎನ್ನುವುದು. 2023ರ ಜೂನ್‌ನಲ್ಲಿ ಕಾಂಗ್ರೆಸ್ ಸಂಪುಟ ಹೆಡಗೇವಾರ್, ಸಾವರ್ಕರ್ ಪಾಠಗಳನ್ನು ಕೈಬಿಟ್ಟು, ಸಾವಿತ್ರಿಬಾಯಿ ಫುಲೆಯವರ ಪಾಠವನ್ನು ಮರಳಿ ತರಲು ತೀರ್ಮಾನಿಸಿತು. ಅಷ್ಟರಲ್ಲಿ ಪುಸ್ತಕಗಳು ಮಕ್ಕಳ ಕೈ ಸೇರಿದ್ದವು; ಬದಲಾವಣೆಗಳನ್ನು ಪೂರಕ ಪುಸ್ತಿಕೆಯ ಮೂಲಕ ತಲುಪಿಸಬೇಕಾಯಿತು. ಯಾವ ಪಾಠ ಒಳ್ಳೆಯದೆಂಬ ಬಗ್ಗೆ ಎರಡು ಸರ್ಕಾರಗಳಿಗೂ ಭಿನ್ನಾಭಿಪ್ರಾಯವಿತ್ತು. ಅದನ್ನು ನಿರ್ಧರಿಸುವವರು ತಾವೇ ಎಂಬ ಬಗ್ಗೆ ಇರಲಿಲ್ಲ.

ಜನರು ಆರಿಸಿದ ಸರ್ಕಾರವಲ್ಲದೆ ಇನ್ನಾರು ನಿರ್ಧರಿಸಬೇಕು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಶಿಕ್ಷಣ ನೀತಿ, ಅನುದಾನ, ಭಾಷಾ ಮಾಧ್ಯಮ ಇವೆಲ್ಲ ಸರ್ಕಾರಕ್ಕೇ ಸೇರಿದ್ದು. ಆದರೆ ಐದು ವರ್ಷದ ಜನಾದೇಶವೊಂದು ಎಂಟನೇ ತರಗತಿಯ ಪಾಠದ ಸಾಲುಗಳಿಗೆ ಕೊಟ್ಟ ಒಪ್ಪಿಗೆಯೆಂದು ಯಾವ ಮತದಾರನೂ ಭಾವಿಸಿರಲಾರ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ವಿದ್ವಾಂಸರೂ ಪಕ್ಷಪಾತಿಗಳೇ. ಕೇಂದ್ರದ ಪಠ್ಯಗಳನ್ನು ರೂಪಿಸುವ ಎನ್‌ಸಿಇಆರ್‌ಟಿಯಲ್ಲಿದ್ದಾಗ, ಪಠ್ಯಗಳ ಪರಿಶೀಲನೆಗೆಂದು ರಚಿತವಾದ ಜಿ. ಪಾರ್ಥಸಾರಥಿಯವರ ಸಮಿತಿಯಲ್ಲಿ ಭಿನ್ನಮತ ತೋರಿದ್ದಕ್ಕೆ ತಮ್ಮನ್ನು ಕೈಬಿಟ್ಟರೆಂದು ಎಸ್.ಎಲ್. ಭೈರಪ್ಪ ಹೇಳಿಕೊಂಡಿದ್ದಾರೆ. ಅವರ ಇತಿಹಾಸದೃಷ್ಟಿಯನ್ನು ಒಪ್ಪದವರೂ ಈ ದೂರನ್ನು ತಳ್ಳಿಹಾಕಬೇಕಿಲ್ಲ. ಸಮಿತಿಗೆ ಯಾರು ಬರಬೇಕು, ಯಾರು ಹೋಗಬೇಕು ಎಂಬುದನ್ನು ಸಚಿವಾಲಯವೇ ತೀರ್ಮಾನಿಸುವಲ್ಲಿ, ಅಂದು ಒಬ್ಬರಿಗೆ ಮುಚ್ಚಿದ ಬಾಗಿಲು ಇಂದು ಇನ್ನೊಬ್ಬರಿಗೆ ಮುಚ್ಚುತ್ತದೆ.

ಹೆಸರಾಂತರನ್ನು ಕೂರಿಸಿದರೆ ಸಾಕೆಂಬ ನಂಬಿಕೆಯನ್ನೂ ಅನುಭವ ಸುಳ್ಳಾಗಿಸಿದೆ. 2005ರ ಪಠ್ಯಕ್ರಮದ ರಾಜ್ಯಶಾಸ್ತ್ರ ಪುಸ್ತಕಗಳಿಗೆ ಯೋಗೇಂದ್ರ ಯಾದವ್, ಸುಹಾಸ್ ಪಳಶೀಕರ್ ಮುಖ್ಯ ಸಲಹೆಗಾರರಾಗಿದ್ದರು. 2012ರಲ್ಲಿ ಅಂಬೇಡ್ಕರ್ ಕುರಿತ ಹಳೆಯ ವ್ಯಂಗ್ಯಚಿತ್ರವೊಂದರ ಬಗ್ಗೆ ಸಂಸತ್ತಿನಲ್ಲಿ ಗದ್ದಲವಾದಾಗ ಯುಪಿಎ ಸರ್ಕಾರವೇ ಅದನ್ನು ತೆಗೆಯಲು ಹೊರಟಿತು. ಇಬ್ಬರೂ ರಾಜೀನಾಮೆ ಕೊಟ್ಟರು. ಹೆಸರಿತ್ತು, ಅಧಿಕಾರವಿರಲಿಲ್ಲ. ಆದ್ದರಿಂದ ಬೇಕಿರುವುದು ಶಾಸನದಿಂದ ರಚಿತವಾದ, ಸರ್ಕಾರದ ಅವಧಿಯನ್ನು ಮೀರಿದ ಕಾಲಾವಧಿಯಿರುವ, ಪ್ರತಿ ಬದಲಾವಣೆಗೂ ಬರಹದಲ್ಲಿ ಕಾರಣ ಕೊಡಬೇಕಾದ ಮಂಡಳಿ. ಅದೂ ತಪ್ಪು ಮಾಡೀತು, ಪಕ್ಷಪಾತ ತೋರೀತು. ಆದರೆ ಕಾರಣ ಬರಹದಲ್ಲಿದ್ದರೆ ಅದನ್ನು ಪ್ರಶ್ನಿಸಬಹುದು. ಇಂಥ ಮಂಡಳಿಗಾಗಿ ಪಕ್ಷಗಳು ಪಟ್ಟು ಹಿಡಿಯದಿರುವುದಕ್ಕೆ ಕಾರಣ ಸರಳ: ಮುಂದಿನ ಸಲ ಸಹಿ ತಮ್ಮದಾಗಬಹುದೆಂಬ ಆಸೆ ಎಲ್ಲರಿಗೂ ಇದೆ.