ಬಸ್ಸಿನ ಸೀಟಿಗೂ ಒಂದು ಚರಿತ್ರೆ ಉಂಟು



ಬಜಗೋಳಿ ಕೂಡುರಸ್ತೆಯ ಪೇಟೆ. ಕಾರ್ಕಳದಿಂದ ಬಂದ ಹೆದ್ದಾರಿ ಇಲ್ಲಿಂದ ಮಾಳದ ಕಡೆಗೆ ಹೋಗಿ, ಘಾಟಿ ಹತ್ತಿ ಕುದುರೆಮುಖ, ಶೃಂಗೇರಿ ಸೇರ್ತದೆ. ಇನ್ನೊಂದು ರಸ್ತೆ ನಾರಾವಿ ದಾರಿಯಾಗಿ ಧರ್ಮಸ್ಥಳದ ಕಡೆಗೆ. ಬೆಳಿಗ್ಗೆ ಇಲ್ಲಿ ಬಸ್ ಹತ್ತುವ ನಮ್ಮ ಹುಡುಗಿಯರು ಖಾಲಿ ಸೀಟು ಕಂಡರೆ ಕೂತುಬಿಡ್ತಾರೆ. ಹಾಗೆ ಕೂರುವ ಹಕ್ಕು ಸುಮ್ಮನೆ ಬಂದದ್ದಲ್ಲ.

ಬಸ್ಸಿಗಿಂತ ಮೊದಲು ತುಳುನಾಡಿನಲ್ಲಿ ದೊಡ್ಡವರು ಹೋಗ್ತಿದ್ದದ್ದು ದಂಡಿಗೆಯಲ್ಲಿ, ಮೇನೆಯಲ್ಲಿ, ಎತ್ತಿನ ಗಾಡಿಯಲ್ಲಿ. ನಮ್ಮವರಿಗೆ ಕಾಲೇ ಗತಿ, ತಲೆ ಮೇಲೆ ಸೊಪ್ಪು-ಗೊಬ್ಬರದ ಹೊರೆ. ದಾರಿಯೂ ನಮ್ಮದಾಗಿರಲಿಲ್ಲ. ಸಾರ್ವಜನಿಕ ದಾರಿಯಲ್ಲಿ ಉಗುಳಬಾರದು ಅಂತ ಕೊರಗರ ಕುತ್ತಿಗೆಗೆ ಅಂಡೆ ಕಟ್ಟಿಸಿದ್ದರು. ಎಡ್ಗರ್ ಥರ್ಸ್ಟನ್ 1909ರ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾನೆ.

1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಶುರುವಾಯಿತು. ನಮ್ಮ ಕಡೆಯ ಖಾಸಗಿ ಬಸ್ಸುಗಳ ಚರಿತ್ರೆ ಅಷ್ಟು ಹಳತು. ಆಗ ನಾವು ಮದರಾಸು ಪ್ರಾಂತ್ಯದಲ್ಲಿದ್ದೆವು. ಅದೇ ಪ್ರಾಂತ್ಯದ ರಾಮನಾಡಿನಲ್ಲಿ ಆದಿದ್ರಾವಿಡರನ್ನು ಬಸ್ಸಿಗೆ ಹತ್ತಿಸ್ತಿರಲಿಲ್ಲ. ಹಾಗೆ ಮಾಡಿದರೆ ಲೈಸೆನ್ಸ್ ರದ್ದು ಅಂತ ಹೇಳಿದವರು ಅಲ್ಲಿನ ಜಿಲ್ಲಾ ಬೋರ್ಡ್ ಅಧ್ಯಕ್ಷ ಸೌಂದರಪಾಂಡ್ಯನ್. 1938ರಲ್ಲಿ ಎಂ.ಸಿ. ರಾಜಾ ಅವರ ಪ್ರಯತ್ನದಿಂದ ಬಂದ ಮದರಾಸಿನ ಕಾಯ್ದೆ ಬಾವಿ, ದಾರಿಗಳ ಜೊತೆ ಸಾರಿಗೆಯನ್ನೂ ಹೆಸರಿಸಿ, ತಡೆಯಬಾರದು ಅಂದಿತು.

ಬಾಬಾಸಾಹೇಬರನ್ನೇ ನೋಡಿ. 1929ರಲ್ಲಿ ಅವರು ಚಾಳೀಸಗಾಂವ್‌ಗೆ ಹೋದಾಗ ಬ್ಯಾರಿಸ್ಟರ್. ಆದರೂ ಟಾಂಗಾದವರು ಅವರನ್ನು ಕೂರಿಸಿ ಓಡಿಸಲು ಒಪ್ಪಲಿಲ್ಲ. ಅನುಭವವೇ ಇಲ್ಲದ ನಮ್ಮವರೊಬ್ಬರು ಓಡಿಸಬೇಕಾಯಿತು. ಟಾಂಗಾ ಮೋರಿ ಹತ್ತಿರ ಅಪಘಾತವಾಗಿ ಬಾಬಾಸಾಹೇಬರು ಕೆಳಗೆ ಬಿದ್ದು ಗಾಯಗೊಂಡರು.

ನಮ್ಮ ಮಂಗಳೂರಿನಲ್ಲಿ 1897ರಲ್ಲಿ ದಲಿತ ಮಕ್ಕಳಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾಯರ ಆಸೆ ಏನಿತ್ತು ಗೊತ್ತಾ? ಓದಿದ ದಲಿತ ಮಗು ಸರಕಾರಿ ಕೆಲಸಕ್ಕೆ ಸೇರಿ, ಊರ ರಸ್ತೆಯಲ್ಲಿ ಕಾರಲ್ಲಿ ಓಡಾಡಬೇಕು, ಆ ಧೂಳು ತನ್ನ ತಲೆಗೆ ತಾಗಬೇಕು ಅಂತ. ಅಲ್ಲಿಯವರೆಗೆ ಧೂಳು ಬೀಳ್ತಿದ್ದದ್ದು ನಮ್ಮ ತಲೆ ಮೇಲೆ ಮಾತ್ರ ಅಲ್ವಾ!

ಇದೆಲ್ಲ ಹಳೇ ಕತೆ ಅನ್ನುವವರಿಗೆ ಒಂದು ಮಾತು. ಅಸ್ಪೃಶ್ಯತೆಯ ವಿರುದ್ಧ 1955ರ ಕಾಯ್ದೆ ಸಾರ್ವಜನಿಕ ವಾಹನದ ಹಕ್ಕು ಕೊಟ್ಟಿತು. ಆದರೆ ದಲಿತರು ಸೈಕಲ್, ಬೈಕ್ ಓಡಿಸುವುದನ್ನು, ಮದುವೆ ಮೆರವಣಿಗೆಯಲ್ಲಿ ಕುದುರೆ ಏರುವುದನ್ನು ತಡೆದರೆ ಅಪರಾಧ ಅಂತ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಮಾಡಿ ಬರೆಯಬೇಕಾಯಿತು. ತಡೆಯುವವರು ಇಲ್ಲದಿದ್ದರೆ ಅದನ್ನು ಯಾಕೆ ಬರೀಬೇಕಿತ್ತು?

ಈಗ ನಮ್ಮ ಪ್ರಶ್ನೆ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಸರಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಉಡುಪಿ, ದಕ್ಷಿಣ ಕನ್ನಡದಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್. ಬೀಡಿ ಕಟ್ಟುವ ಅಕ್ಕ, ತೋಟದ ಕೆಲಸಕ್ಕೆ ಹೋಗುವ ಅಮ್ಮ ಆ ಬಸ್ಸಿಗೆ ದುಡ್ಡು ಕೊಟ್ಟೇ ಹೋಗಬೇಕು. ಬಸ್ ಇಳಿದ ಮೇಲೂ ಎಷ್ಟೋ ಕಾಲೊನಿಗಳಿಗೆ ನಡೆದೇ ಹೋಗಬೇಕು. ರಿಕ್ಷಾಕ್ಕೆ ಕೊಡುವ ದುಡ್ಡು ಅರ್ಧ ದಿನದ ಕೂಲಿ ತಿಂತದೆ.

ಹಾಗಾಗಿ ಬಂಧುಗಳೇ, ಮುಂದಿನ ಗ್ರಾಮಸಭೆಗೆ ಹೋಗುವಾಗ ಇಷ್ಟು ಬರೆದುಕೊಂಡು ಹೋಗಿ: ನಿಮ್ಮ ಕಾಲೊನಿಯಿಂದ ಬಸ್ ನಿಲ್ಲುವ ಜಾಗ ಎಷ್ಟು ದೂರ? ಆಂಬುಲೆನ್ಸ್ ಅಂಗಳದವರೆಗೆ ಬರ್ತದಾ? ಮಳೆಗಾಲದಲ್ಲಿ ಮಕ್ಕಳು ಕಾಲುಸಂಕ ದಾಟಬೇಕಾ? ಸರಕಾರಿ ಬಸ್ ದಿನಕ್ಕೆ ಎಷ್ಟು? ಬಾಯಲ್ಲಿ ಹೇಳಿ ಬರಬೇಡಿ, ನಡಾವಳಿಯಲ್ಲಿ ಬರೆಸಿ, ಪ್ರತಿ ತಗೊಳ್ಳಿ.

ಜೈ ಭೀಮ್.