ಇಂಗ್ಲಿಷಿನ ಸಮಾನಾರ್ಥ ಪದಗಳ ಚರಿತ್ರೆ

ಇಂಗ್ಲಿಷು ಕಲಿಯುವ ನಮ್ಮ ವಿದ್ಯಾರ್ಥಿಗಳಲ್ಲಿ ಒಂದು ಪದ್ಧತಿ ಬಹುಕಾಲದಿಂದ ನಡೆದು ಬಂದಿದೆ. ದಿನಬಳಕೆಯ ಒಂದು ಮಾತು, ಅದರ ಎದುರಿಗೆ ಅದೇ ಅರ್ಥದ್ದೆಂದು ಹೇಳಲಾಗುವ ನಾಲ್ಕಾರು ದೊಡ್ಡ ಮಾತುಗಳು; ಹೀಗೆ ಪಟ್ಟಿಮಾಡಿ ಬಾಯಿಪಾಠ ಮಾಡುವುದು. 'ಬಿಗಿನ್' ಎನ್ನಬೇಕಾದಲ್ಲಿ 'ಕಮೆನ್ಸ್' ಎಂದೂ, 'ಆಸ್ಕ್' ಎನ್ನಬೇಕಾದಲ್ಲಿ 'ಇಂಟರಾಗೇಟ್' ಎಂದೂ ಬರೆದರೆ ಭಾಷೆಗೆ ಪ್ರೌಢಿಮೆ ಬಂದಿತೆಂಬ ನಂಬಿಕೆ ಈ ಪದ್ಧತಿಯ ಹಿಂದೆ ಇದೆ. ಪದಸಂಪತ್ತು ಬೆಳೆಯಬೇಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪಟ್ಟಿಯಲ್ಲಿ ಒಟ್ಟಿಗೆ ಕುಳಿತಿರುವ ಮಾತುಗಳೆಲ್ಲ ಒಂದೇ ಎಂಬುದನ್ನು ಇಂಗ್ಲೆಂಡಿನ ಚರಿತ್ರೆ ಒಪ್ಪುವುದಿಲ್ಲ. ಅವು ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ಜನರೊಡನೆ, ಬೇರೆಬೇರೆ ಕೆಲಸಕ್ಕಾಗಿ ಆ ದ್ವೀಪಕ್ಕೆ ಬಂದು ಸೇರಿದ ಮಾತುಗಳು.

ಈ ವಿಷಯ ಕನ್ನಡಿಗರಿಗೆ ಹೊಸದಾಗಿ ತೋರಬೇಕಾಗಿಲ್ಲ. 'ಬೆಂಕಿ'ಯೂ 'ಅಗ್ನಿ'ಯೂ ನಿಘಂಟಿನಲ್ಲಿ ಒಂದೇ. ಆದರೂ ಒಲೆಯಲ್ಲಿ ಉರಿಯುವುದು ಬೆಂಕಿ, ಹೋಮಕುಂಡದಲ್ಲಿ ಇರುವುದು ಅಗ್ನಿ. ಬಾಯಾರಿ ಬಂದವನು ಕುಡಿಯಲು 'ಜಲ' ಬೇಕೆಂದು ಕೇಳಿದರೆ ಮನೆಯವರು ನಕ್ಕಾರು. ಸಂಸ್ಕೃತದಿಂದ ಬಂದ ಮಾತುಗಳಲ್ಲಿ ತತ್ಸಮ ಯಾವುದು, ತದ್ಭವ ಯಾವುದು ಎಂಬುದನ್ನು ನಮ್ಮ ಕೇಶಿರಾಜನು 13ನೆಯ ಶತಮಾನದಲ್ಲಿಯೇ ವಿಚಾರಮಾಡಿದನು. ಇಂಗ್ಲಿಷಿನಲ್ಲಿಯೂ ಇಂತಹ ಪದರಗಳಿವೆ. ಅವನ್ನು ಒಂದೊಂದಾಗಿ ನೋಡೋಣ.

ತಳದ ಪದರ ಐದನೆಯ ಶತಮಾನದಿಂದ ಮುಂದಕ್ಕೆ ಬ್ರಿಟನ್ನಿಗೆ ಬಂದು ನೆಲಸಿದ ಆಂಗ್ಲರು ಮತ್ತು ಸ್ಯಾಕ್ಸನರದು. ಮನೆ, ಹೊಲ, ನಂಟರು, ಮೈಯ ಅಂಗಗಳು, ತಿನ್ನುವುದು, ಮಲಗುವುದು, ಹೋಗುವುದು—ಇವುಗಳ ಹೆಸರು ಬಹುಮಟ್ಟಿಗೆ ಇಂದಿಗೂ ಅವರದೇ. 793ರಲ್ಲಿ ಲಿಂಡಿಸ್‌ಫಾರ್ನಿನ ಮಠವನ್ನು ಸುಲಿಗೆಮಾಡಿದ ಉತ್ತರದ ಕಡಲುಗಳ್ಳರ ಜನಾಂಗದವರು ಕಾಲಕ್ರಮದಲ್ಲಿ ಇಂಗ್ಲೆಂಡಿನ ಪೂರ್ವ ಮತ್ತು ಉತ್ತರ ಭಾಗಗಳಲ್ಲಿ ಒಕ್ಕಲಾಗಿ ನಿಂತರು. ಅವರ ನುಡಿಯೂ ಸ್ಯಾಕ್ಸನರ ನುಡಿಯೂ ದಾಯಾದಿಗಳು. ಹೀಗಾಗಿ ಒಂದೇ ಮೂಲದ ಎರಡು ರೂಪಗಳು ಅಕ್ಕಪಕ್ಕದಲ್ಲಿ ಉಳಿದು, ಕೆಲಸವನ್ನು ಹಂಚಿಕೊಂಡವು. 'ಶರ್ಟ್' ಸ್ಯಾಕ್ಸನರದು, 'ಸ್ಕರ್ಟ್' ಡೇನರದು. ಮೂಲದಲ್ಲಿ ಒಂದೇ ಉಡುಪಾಗಿದ್ದದ್ದು ಇಂದು ಒಂದು ಮೇಲಕ್ಕೆ, ಒಂದು ಕೆಳಕ್ಕೆ. 'ಹೈಡ್' ಹಳೆಯ ಮಾತು, 'ಸ್ಕಿನ್' ಬಂದ ಮಾತು. ಈಗ ಮನುಷ್ಯನದು 'ಸ್ಕಿನ್', ಎತ್ತಿನದು 'ಹೈಡ್'.

ಈ ಬೆರಕೆ ಎಷ್ಟು ಕಾಲ ಗೊಂದಲವನ್ನುಂಟುಮಾಡಿತೆಂಬುದಕ್ಕೆ ಇಂಗ್ಲೆಂಡಿನ ಮೊದಲ ಮುದ್ರಕನಾದ ಕ್ಯಾಕ್ಸ್‌ಟನ್ 1490ರಲ್ಲಿ ಒಂದು ಪ್ರಸಂಗವನ್ನು ಹೇಳಿದ್ದಾನೆ. ಥೇಮ್ಸ್ ನದಿಯಲ್ಲಿ ಗಾಳಿಯಿಲ್ಲದೆ ಹಡಗು ನಿಂತಾಗ ಕೆಲವು ವರ್ತಕರು ದಡಕ್ಕಿಳಿದರು. ಅವರಲ್ಲೊಬ್ಬನು ಒಂದು ಮನೆಗೆ ಹೋಗಿ ಮೊಟ್ಟೆಗಳನ್ನು 'ಎಗ್ಸ್' ಎಂಬ ಉತ್ತರದೇಶದ ಹೆಸರಿನಿಂದ ಕೇಳಿದನು. ಮನೆಯೊಡತಿ, ತನಗೆ ಫ್ರೆಂಚು ಬಾರದೆಂದಳು. ಫ್ರೆಂಚಿನ ಗಂಧವೂ ಇಲ್ಲದ ಆ ವರ್ತಕನಿಗೆ ಸಿಟ್ಟು ಬಂದಿತು. ಕಡೆಗೆ ಇನ್ನೊಬ್ಬನು ದಕ್ಷಿಣದ ಹಳೆಯ ಮಾತಾದ 'ಐರೆನ್' ಎಂಬುದನ್ನು ಹೇಳಿದ ಮೇಲೆ ಆಕೆಗೆ ತಿಳಿಯಿತು. ಈ ಜೋಡಿಯಲ್ಲಿ ಕೆಲಸ ಹಂಚಿಕೊಳ್ಳಲಾರದ 'ಐರೆನ್' ಸತ್ತುಹೋಯಿತು. ಎರಡು ಮಾತುಗಳು ನಿಜವಾಗಿ ಒಂದೇ ಆಗಿಬಿಟ್ಟರೆ ಭಾಷೆ ಸಾಮಾನ್ಯವಾಗಿ ಎರಡನ್ನೂ ಸಾಕುವುದಿಲ್ಲ. ಎರಡೂ ಉಳಿದಿವೆಯೆಂದರೆ ಅವುಗಳ ನಡುವೆ ಏನೋ ಒಂದು ಭೇದ ಹುಟ್ಟಿರುವುದೇ ಹೆಚ್ಚು.

ಎರಡನೆಯ ದೊಡ್ಡ ಪದರ 1066ರದು. ಆ ವರ್ಷ ಹೇಸ್ಟಿಂಗ್ಸಿನ ಯುದ್ಧದಲ್ಲಿ ನಾರ್ಮಂಡಿಯ ವಿಲಿಯಂ ಗೆದ್ದನು. ಆಸ್ಥಾನ, ನ್ಯಾಯಸ್ಥಾನ, ಸೈನ್ಯ, ಶ್ರೀಮಂತರ ಊಟದ ಮೇಜು ಇವೆಲ್ಲ ಫ್ರೆಂಚು ಮಾತನಾಡತೊಡಗಿದವು. ಸರ್ ವಾಲ್ಟರ್ ಸ್ಕಾಟನ 'ಐವನ್‌ಹೋ' ಕಾದಂಬರಿಯ ವಿದೂಷಕನು ಹಂದಿ ಕಾಯುವವನಿಗೆ ತಿಳಿಸಿಹೇಳುವ ವಿಷಯ ಪ್ರಸಿದ್ಧವಾಗಿದೆ: ಸ್ಯಾಕ್ಸನನು ಮೇಯಿಸುವಾಗ ಪ್ರಾಣಿಗೆ 'ಸ್ವೈನ್' ಎಂದು ಹೆಸರು, ನಾರ್ಮನನ ತಟ್ಟೆಗೆ ಬಂದಾಗ ಅದೇ 'ಪೋರ್ಕ್'. 'ಷೀಪ್' ಮತ್ತು 'ಮಟನ್' ಎಂಬುವೂ ಹಾಗೆಯೇ. ವಾಸ್ತವವಾಗಿ ಈ ವಿಂಗಡಣೆ ಸ್ಕಾಟನು ಹೇಳಿದಷ್ಟು ಬೇಗ ನಡೆದುದಲ್ಲ. 'ಮಟನ್' ಎಂಬುದು ಬದುಕಿದ್ದ ಕುರಿಗೂ ಶತಮಾನಗಳವರೆಗೆ ಸಲ್ಲುತ್ತಿತ್ತು. ಆದರೂ ದುಡಿಯುವವನ ಮಾತು ಒಂದು, ಉಣ್ಣುವವನ ಮಾತು ಒಂದು ಎಂಬ ಮೂಲ ವಿಚಾರ ಸುಳ್ಳಲ್ಲ.

1362ರಲ್ಲಿ, ಫ್ರೆಂಚು ಜನರಿಗೆ ತಿಳಿಯದೆಂಬ ಕಾರಣದಿಂದ, ನ್ಯಾಯಸ್ಥಾನದ ವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂದು ಕಾನೂನಾಯಿತು. ವಿನೋದವೇನೆಂದರೆ ಆ ಕಾನೂನನ್ನು ಬರೆದದ್ದೇ ಫ್ರೆಂಚಿನಲ್ಲಿ. ಇಂದಿಗೂ ಮರಣಶಾಸನದಲ್ಲಿ 'ವಿಲ್' ಎಂಬ ಸ್ಯಾಕ್ಸನ್ ಮಾತಿನ ಪಕ್ಕದಲ್ಲಿ 'ಟೆಸ್ಟಮೆಂಟ್' ಎಂಬ ಲ್ಯಾಟಿನ್ ಮೂಲದ ಮಾತೂ, ಆಸ್ತಿಯ ವಿಷಯದಲ್ಲಿ 'ಗುಡ್ಸ್' ಎಂಬುದರ ಪಕ್ಕದಲ್ಲಿ 'ಚಾಟಲ್ಸ್' ಎಂಬ ಫ್ರೆಂಚು ಮಾತೂ ನಿಂತಿರುವುದು ಆ ಕಾಲದ ಭಾಷೆಗಳ ಬೆರಕೆಯ ಗುರುತು.

ಮೂರನೆಯ ಪದರ ಪಂಡಿತರದು. 16ನೆಯ ಶತಮಾನದಲ್ಲಿ ಪ್ರಾಚೀನ ವಿದ್ಯೆಗಳು ಮರಳಿ ಬೆಳಕಿಗೆ ಬಂದಾಗ ಲ್ಯಾಟಿನ್ ಮತ್ತು ಗ್ರೀಕ್ ಮಾತುಗಳು ಪ್ರವಾಹದಂತೆ ನುಗ್ಗಿದವು. ಇದನ್ನು ಎಲ್ಲರೂ ಮೆಚ್ಚಲಿಲ್ಲ. 1553ರಲ್ಲಿ ಥಾಮಸ್ ವಿಲ್ಸನ್ ತನ್ನ ಅಲಂಕಾರಗ್ರಂಥದಲ್ಲಿ ಇಂತಹ ಬರವಣಿಗೆಯನ್ನು ಹಾಸ್ಯಮಾಡಿದನು. ಗ್ರೀಕ್ ಪಂಡಿತನಾದ ಸರ್ ಜಾನ್ ಚೀಕನು ಮತ್ತಾಯನ ಸುವಾರ್ತೆಯನ್ನು ಭಾಷಾಂತರಿಸುವಾಗ ಆದಷ್ಟು ದೇಶ್ಯವಾದ ಮಾತುಗಳನ್ನೇ ಹುಡುಕಿ, ಇಲ್ಲದಲ್ಲಿ ಕಟ್ಟಿಕೊಂಡನು. ನೂರು ಸೈನಿಕರ ನಾಯಕನನ್ನು 'ಸೆಂಚೂರಿಯನ್' ಎನ್ನದೆ 'ಹಂಡ್ರೆಡರ್' ಎಂದನು. ತತ್ಸಮಗಳನ್ನು ದೂರವಿಟ್ಟು 'ಕಬ್ಬಿಗರ ಕಾವ'ವನ್ನು ಬರೆದ ನಮ್ಮ ಆಂಡಯ್ಯನ ನೆನಪು ಇಲ್ಲಿ ಸಹಜವಾಗಿ ಬರುತ್ತದೆ. ಆಂಡಯ್ಯನ ಮಾರ್ಗದಂತೆ ಚೀಕನ ಮಾರ್ಗವನ್ನೂ ಮುಂದಿನವರು ಹಿಡಿಯಲಿಲ್ಲ. 1604ರಲ್ಲಿ ರಾಬರ್ಟ್ ಕಾಡ್ರಿ ಸುಮಾರು 2,500 ಕಠಿನ ಪದಗಳಿಗೆ ಸುಲಭವಾದ ಇಂಗ್ಲಿಷಿನಲ್ಲಿ ಅರ್ಥ ಹೇಳುವ ಸಣ್ಣ ಕೋಶವನ್ನು ಪ್ರಕಟಿಸಿದನು. ಅದು ಮುಖ್ಯವಾಗಿ ಸ್ತ್ರೀಯರಿಗಾಗಿ ಮತ್ತು ಹೆಚ್ಚು ಓದದವರಿಗಾಗಿ ಎಂದು ಅದರ ಮುಖಪುಟವೇ ಹೇಳುತ್ತದೆ. ತನ್ನ ನಾಡಿನ ಪುಸ್ತಕವನ್ನು ಓದಲು ಇಂಗ್ಲಿಷ್ ಹೆಂಗಸಿಗೇ ಕೋಶ ಬೇಕಾಗಿ ಬಂದಿತ್ತು.

ಹೀಗೆ ಒಂದು ಭಾವಕ್ಕೆ ಮೂರು ಮಾತುಗಳಾದವು. 'ಆಸ್ಕ್', 'ಕ್ವೆಶ್ಚನ್', 'ಇಂಟರಾಗೇಟ್': ಮಗು ತಾಯಿಯನ್ನು ಕೇಳುವುದು ಮೊದಲನೆಯದು, ಸಂದೇಹಪಟ್ಟವನು ಪ್ರಶ್ನಿಸುವುದು ಎರಡನೆಯದು, ಪೊಲೀಸಿನವರು ಕೂರಿಸಿಕೊಂಡು ವಿಚಾರಿಸುವುದು ಮೂರನೆಯದು. 'ಫಿಯರ್' ಎಲ್ಲರ ಹೆದರಿಕೆ. 'ಟೆರರ್' ತತ್ತರಿಸುವ ಭೀತಿ. 'ಟ್ರೆಪಿಡೇಷನ್' ಒಳಗೇ ನಡುಗುವ ಅಳುಕು. 'ಫೈರ್' ಎಂಬುದು ಬೆಂಕಿ, 'ಫ್ಲೇಮ್' ಜ್ವಾಲೆ, 'ಕಾನ್‌ಫ್ಲಗ್ರೇಷನ್' ಊರನ್ನೇ ಸುಡುವ ಉರಿ. ಆದರೂ 1666ರಲ್ಲಿ ಲಂಡನ್ ನಗರದ ಬಹುಭಾಗ ಸುಟ್ಟುಹೋದಾಗ ಆ ಜನ ಅದಕ್ಕೆ ಇಟ್ಟುಕೊಂಡ ಹೆಸರು 'ಗ್ರೇಟ್ ಫೈರ್' ಎಂದೇ. ದೊಡ್ಡ ದುಃಖಕ್ಕೆ ಅವರಿಗೆ ಚಿಕ್ಕ ಮಾತೇ ಸಾಕಾಯಿತು.

ಇಂತಹ ಭೇದಗಳನ್ನು ತಿಳಿಸುವ ಪುಸ್ತಕಗಳೂ ಹುಟ್ಟಿದವು. ಡಾಕ್ಟರ್ ಜಾನ್ಸನ್ನನ ಸ್ನೇಹಿತೆಯಾಗಿದ್ದ ಹೆಸ್ಟರ್ ಪಿಯೋಜ್ಜಿ 1794ರಲ್ಲಿಯೂ, ಜಾರ್ಜ್ ಕ್ರಾಬ್ 1816ರಲ್ಲಿಯೂ ಸಮಾನಾರ್ಥ ಪದಗಳನ್ನು ವಿವೇಚಿಸಿದರು. ಎಲ್ಲಕ್ಕಿಂತ ಹೆಸರಾದುದು ವೈದ್ಯನಾದ ಪೀಟರ್ ಮಾರ್ಕ್ ರಾಜೆಟ್ಟನ 'ಥಿಸಾರಸ್'. 1805ರಲ್ಲಿ ತನ್ನ ಸ್ವಂತ ಉಪಯೋಗಕ್ಕೆ ಆರಂಭಿಸಿದ ಪಟ್ಟಿಯನ್ನು ಬೆಳೆಸಿ ಅವನು 1852ರಲ್ಲಿ 1,000 ಶೀರ್ಷಿಕೆಗಳ ಗ್ರಂಥವಾಗಿ ಹೊರತಂದನು. ಅದರ ಪೀಠಿಕೆಯಲ್ಲಿ ಅವನು, 1808ರಲ್ಲಿ ಶ್ರೀರಾಮಪುರದಲ್ಲಿ ಕೋಲ್‌ಬ್ರೂಕನ ಭಾಷಾಂತರದೊಡನೆ ಅಚ್ಚಾದ ನಮ್ಮ 'ಅಮರಕೋಶ'ವನ್ನು ಹೆಸರಿಸಿದ್ದಾನೆ. ಅದರ ವಿಂಗಡಣೆ ಮಾತ್ರ ಅವನಿಗೆ ಒಪ್ಪಿಗೆಯಾಗಲಿಲ್ಲ. ರಾಜೆಟ್ಟನು ಪದಗಳನ್ನು ಗುಂಪುಮಾಡಿದನೇ ಹೊರತು ಅವುಗಳ ಅರ್ಥಭೇದವನ್ನು ವಿವರಿಸಲಿಲ್ಲ. ಆ ಪುಸ್ತಕ ಮಾತನ್ನು ಬಲ್ಲವನಿಗೆ ನೆನಪು ಮಾಡಿಕೊಡುವುದಕ್ಕಾಗಿ ಇರುವುದು. ಬಲ್ಲದವನಿಗೆ ಅದು ಬೀಗವಿಲ್ಲದ ಔಷಧದ ಪೆಟ್ಟಿಗೆ.

ನಮ್ಮ ಕಷ್ಟವೆಲ್ಲ ಇಲ್ಲಿಯೇ ಇದೆ. ಇಂಗ್ಲಿಷ್ ಮಗು 'ಆಸ್ಕ್' ಎಂಬುದನ್ನು ತಾಯಿಯ ಮಡಿಲಲ್ಲಿ ಕಲಿಯುತ್ತದೆ; 'ಇಂಟರಾಗೇಟ್' ಎಂಬುದನ್ನು ಹತ್ತು ಹನ್ನೆರಡು ವರ್ಷಗಳ ಮೇಲೆ ಪುಸ್ತಕದಲ್ಲಿ ಕಾಣುತ್ತದೆ. ಆ ಎರಡರ ತೂಕದ ವ್ಯತ್ಯಾಸ ಅದರ ಕಿವಿಗೇ ತಿಳಿದಿರುತ್ತದೆ. ನಮಗಾದರೋ, ಮೆಕಾಲೆಯ ಅಭಿಪ್ರಾಯವನ್ನನುಸರಿಸಿ 1835ರಲ್ಲಿ ಬೆಂಟಿಂಕನ ಸರ್ಕಾರ ನಿರ್ಣಯಮಾಡಿದಂದಿನಿಂದ, ಇಂಗ್ಲಿಷು ಬಹುಮಟ್ಟಿಗೆ ಕಚೇರಿ, ಕೋರ್ಟು, ಕಾಲೇಜುಗಳ ಬಾಗಿಲಿನಿಂದ ಬಂದಿತು. ಅಡಿಗೆಮನೆಯ ಬಾಗಿಲಿನಿಂದ ಬರಲಿಲ್ಲ. ನಮ್ಮ ವಿದ್ಯಾರ್ಥಿಗೆ ಎರಡು ಮಾತುಗಳೂ ಒಂದೇ ದಿನ, ಒಂದೇ ಪುಟದಲ್ಲಿ ಸಿಗುತ್ತವೆ. ಆದುದರಿಂದಲೇ ತಂದೆಯನ್ನು ಕಳೆದುಕೊಂಡ ಗೆಳೆಯನಿಗೆ ಪತ್ರ ಬರೆಯುವಾಗ ಅವನು 'ಡೈ' ಎಂಬ ಸರಳವಾದ ಮಾತನ್ನು ಬಿಟ್ಟು, ಗೌರವವೆಂದು ತಿಳಿದು, 'ಡಿಮೈಸ್' ಎಂಬುದನ್ನು ಹುಡುಕಿ ತರುತ್ತಾನೆ. ಹೃದಯದಲ್ಲಿದ್ದ ಮರುಕ ಕಾಗದದ ಮೇಲೆ ಕಚೇರಿಯ ವರದಿಯಾಗಿಬಿಡುತ್ತದೆ. ಬರೆದವನಿಗೂ ಓದಿದವನಿಗೂ ಇದರಿಂದ ನಷ್ಟವೇ.

ಹಾಗೆಂದು ದೊಡ್ಡ ಮಾತುಗಳು ಬೇಡವೆಂದಲ್ಲ. ಶಾಸ್ತ್ರಕ್ಕೆ, ನ್ಯಾಯಕ್ಕೆ, ಸೂಕ್ಷ್ಮವಾದ ಆಲೋಚನೆಗೆ ಅವು ಬೇಕೇ ಬೇಕು. ಹೊಸ ಮಾತೊಂದನ್ನು ಕಲಿತಾಗ ಅದರ ಅರ್ಥವನ್ನು ಕೇಳಿ ಸುಮ್ಮನಾಗದೆ, ಅದು ಎಲ್ಲಿಂದ ಬಂದಿತು, ಯಾರು ಯಾರೊಡನೆ ಅದನ್ನು ಆಡುತ್ತಾರೆ, ಎಂತಹ ಸಂದರ್ಭದಲ್ಲಿ ಆಡುತ್ತಾರೆ ಎಂಬುದನ್ನೂ ಕೇಳಬೇಕು. ಪಟ್ಟಿಯಲ್ಲಿ ಕಂಡ ಮಾತನ್ನು ಒಳ್ಳೆಯ ಲೇಖಕರ ವಾಕ್ಯದಲ್ಲಿ ಮೂರು ನಾಲ್ಕು ಬಾರಿ ಕಾಣುವವರೆಗೆ ತನ್ನದೆಂದು ಎಣಿಸಬಾರದು. ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ 1965ರಲ್ಲಿ ಆರಂಭವಾಗಿ 2009ರಲ್ಲಿ ಪ್ರಕಟವಾದ ಐತಿಹಾಸಿಕ ಪದಸಂಗ್ರಹವು ಒಂದೊಂದು ಅರ್ಥದ ಮಾತುಗಳನ್ನೂ ಅವು ಬಳಕೆಗೆ ಬಂದ ಕಾಲಕ್ರಮದಲ್ಲಿ ಜೋಡಿಸಿದೆ. ಆ ಕ್ರಮವನ್ನು ನೋಡಿದವನಿಗೆ ಪ್ರತಿಯೊಂದು ಮಾತಿಗೂ ಒಂದು ವಯಸ್ಸೂ ಒಂದು ನೆಲೆಯೂ ಉಂಟೆಂಬುದು ಸ್ಪಷ್ಟವಾಗುತ್ತದೆ. ಬೆಂಕಿಗೂ ಅಗ್ನಿಗೂ ಭೇದವನ್ನು ಬಲ್ಲ ಕನ್ನಡದ ಕಿವಿಗೆ ಈ ವಿವೇಕವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಇಂಗ್ಲಿಷು ಓದುವಾಗಲೂ ಆ ಕಿವಿಯನ್ನು ಮುಚ್ಚಿಕೊಳ್ಳದಿದ್ದರೆ ಸಾಕು.