ಮದರಾಸಿನ ಮೇಲ್ಮನವಿಗಳು ಮತ್ತು ಅಳಿಯಸಂತಾನ ಕಟ್ಟು

ಚೆನ್ನೈಗೂ ಕನ್ನಡಕ್ಕೂ ಇರುವ ಸಂಬಂಧವನ್ನು ಹೇಳುವಾಗ ಹಸ್ತಪ್ರತಿ ಭಂಡಾರವನ್ನೂ ವಿಶ್ವವಿದ್ಯಾನಿಲಯವನ್ನೂ ನೆನೆಯುವುದು ವಾಡಿಕೆ. ಉಚ್ಚ ನ್ಯಾಯಾಲಯವನ್ನು ನೆನೆಯುವವರು ವಿರಳ. 1862ರ ಆಗಸ್ಟ್ 15ರಂದು ಆರಂಭವಾದ ಈ ನ್ಯಾಯಾಲಯ, ಹಿಂದಿನ ಸದರ್ ಅದಾಲತಿನ ಮೇಲ್ಮನವಿ ಅಧಿಕಾರವನ್ನು ವಹಿಸಿಕೊಂಡಿತು. ಬಳ್ಳಾರಿಯ ಕನ್ನಡ ತಾಲ್ಲೂಕುಗಳು 1953ರವರೆಗೆ, ದಕ್ಷಿಣ ಕನ್ನಡ 1956ರವರೆಗೆ ಇದರ ವ್ಯಾಪ್ತಿಯಲ್ಲಿದ್ದವು. ತುಳುನಾಡಿನ ಕುಟುಂಬ ವ್ಯವಸ್ಥೆಗೆ ಶಾಸನಬದ್ಧ ರೂಪ ಬರುವ ಮೊದಲೇ ಅದಕ್ಕೆ ಕಾನೂನಿನ ರೂಪ ದೊರೆತದ್ದು ಇಲ್ಲಿಯ ತೀರ್ಪುಗಳಿಂದ ಎಂಬುದು ಪ್ರಸ್ತುತ ಲೇಖನದ ವಿಚಾರ.

ಅಳಿಯಸಂತಾನದ ಕುಟುಂಬದಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಸಾಗುತ್ತದೆ. ಆಡಳಿತ ಹಿರಿಯ ಯಜಮಾನನದು ಅಥವಾ ಯಜಮಾನ್ತಿಯದು. ಕಿರಿಯ ಕವರಿನವರು ಪಾಲು ಬೇಡಿದರೆ ಕೊಡಲೇಬೇಕೆ? 1863ರ ಮುಂಡ ಚೆಟ್ಟಿ ಮತ್ತು ತಿಮ್ಮಾಜು ಹೆಂಸು ಪ್ರಕರಣದಲ್ಲಿ, ಒಬ್ಬ ಸದಸ್ಯನ ಒತ್ತಾಯದಿಂದ ಪಾಲಾಗದೆಂದು ನ್ಯಾಯಾಲಯ ನಿರ್ಣಯಿಸಿತು. (ವರದಿಯಲ್ಲಿ ಮನೆತನದ ಹೆಸರಿನಂತೆ ಅಚ್ಚಾಗಿರುವ 'ಹೆಂಸು' ನಮ್ಮ 'ಹೆಂಗಸು' ಅಲ್ಲದೆ ಬೇರೆಯಲ್ಲವೆಂದು ನನ್ನ ಅಭಿಪ್ರಾಯ.) ಎಲ್ಲರೂ ಒಪ್ಪಿದರೆ ಮಾತ್ರ ವಿಭಾಗ, ಇಲ್ಲವಾದರೆ ಜೀವನಾಂಶ, ಅಥವಾ ಯಜಮಾನನನ್ನು ತೆಗೆದುಹಾಕುವ ದಾವೆ. ಈ ನಿಯಮ ಎಂಬತ್ತಾರು ವರ್ಷ ನಿಂತಿತು.

ಇಷ್ಟು ಕಾಲ ಅದು ಅಲುಗದೆ ಉಳಿದುದಕ್ಕೆ ಮೇಲ್ಮನವಿಯ ಕ್ರಮವೂ ಕಾರಣ. ಐದು ಸಾವಿರ ರೂಪಾಯಿಗೆ ಮೀರದ ವ್ಯಾಜ್ಯಗಳ ಮೊದಲ ಅಪೀಲು ಜಿಲ್ಲೆಯಲ್ಲೇ ಮುಗಿಯುತ್ತಿತ್ತು. ಮದರಾಸಿಗೆ ಬರುತ್ತಿದ್ದುದು ಎರಡನೆಯ ಅಪೀಲು. ಅಲ್ಲಿ ವಾದಕ್ಕೆ ಅವಕಾಶ ಮುಖ್ಯವಾಗಿ ಕಾನೂನಿನ ಪ್ರಶ್ನೆಗೆ. ಮಂಗಳೂರಿನ ಸಾಕ್ಷಿ ತನ್ನ ಮನೆಯ ನಡವಳಿಕೆಯನ್ನು ಹೇಳಿದರೆ ಅದು ಸಂಗತಿ. ಅದೇ ನಡವಳಿಕೆ ಒಮ್ಮೆ ಉಚ್ಚ ನ್ಯಾಯಾಲಯದ ವರದಿಯಲ್ಲಿ ಸೇರಿದರೆ ಕಾನೂನು. ಆಮೇಲೆ ಊರಿನ ಹಿರಿಯರ ಮಾತಿಗಿಂತ ವರದಿಯ ಪುಟಕ್ಕೇ ಬೆಲೆ.

ಸಾಹಿತ್ಯದ ವಿದ್ಯಾರ್ಥಿಗೆ ಇನ್ನೂ ಕುತೂಹಲಕರವಾದುದು ಗ್ರಂಥದ ಪ್ರಶ್ನೆ. ಬಾರಕೂರಿನ ಭೂತಾಳ ಪಾಂಡ್ಯನ ಹೆಸರಿನಲ್ಲಿ 'ಅಳಿಯಸಂತಾನದ ಕಟ್ಟು ಕಟ್ಟಳೆ' ಎಂಬ ಕನ್ನಡ ಗ್ರಂಥವೊಂದು ಪ್ರಚಾರದಲ್ಲಿದ್ದು, ವ್ಯಾಜ್ಯಗಳಲ್ಲಿ ಪ್ರಮಾಣವಾಗಿ ಬರುತ್ತಿತ್ತು. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಸಂಸ್ಕೃತ ವಿದ್ವಾಂಸ ಎ. ಸಿ. ಬರ್ನೆಲ್ ಅದನ್ನು ಕೃತಕವೆಂದು ತಳ್ಳಿಹಾಕಿದರು. ಐತಿಹ್ಯವು ಪಾಂಡ್ಯನನ್ನು ಕ್ರಿ. ಶ. 77ಕ್ಕೆ ಒಯ್ಯುತ್ತದೆ, ಹಲ್ಮಿಡಿ ಶಾಸನವೇ ಸುಮಾರು 450ರದು. ಆ ಕಾಲದ ಕನ್ನಡ ಗದ್ಯವೆಂದು ಅದನ್ನು ಯಾರೂ ನಂಬಲಾರರು. ಆದರೆ ಗ್ರಂಥ ಕೃತಕವಾದ ಮಾತ್ರಕ್ಕೆ ಪದ್ಧತಿ ಕೃತಕವಲ್ಲ. ಈ ಎರಡನ್ನು ಬೇರ್ಪಡಿಸದೆ ನಡೆದ ಚರ್ಚೆಯೇ ಹೆಚ್ಚು.

ತೀರ್ಪಿನ ಪರಿಣಾಮ ಆಸ್ತಿಗಷ್ಟೇ ಸೀಮಿತವಾಗಿರಲಿಲ್ಲ. 1883ರ ಕೊರಗ ಪ್ರಕರಣದಲ್ಲಿ ಅಳಿಯಸಂತಾನದವರ ದಾಂಪತ್ಯವು ದಂಡ ಸಂಹಿತೆಯ ದೃಷ್ಟಿಯಲ್ಲಿ ವಿವಾಹವಲ್ಲವೆಂಬ ನಿಲುವನ್ನು ನ್ಯಾಯಾಲಯ ತಾಳಿತು. ಊರೆಲ್ಲ ಗಂಡಹೆಂಡಿರೆಂದು ಕರೆಯುತ್ತಿದ್ದವರ ಸಂಬಂಧಕ್ಕೆ ದೂರದ ನಗರದಲ್ಲಿ ಹೆಸರಿಲ್ಲದಾಯಿತು. ಇದು ಕಠಿಣವಾದ ನಿರ್ಣಯವೆಂದೇ ಹೇಳಬೇಕು.

1949ರ ಮದರಾಸು ಅಳಿಯಸಂತಾನ ಅಧಿನಿಯಮವು ವಿವಾಹಕ್ಕೆ ಮನ್ನಣೆಯನ್ನೂ ಕವರಿಗೆ ಪಾಲು ಕೇಳುವ ಹಕ್ಕನ್ನೂ ನೀಡಿತು. ಅದರ ಇಂಗ್ಲಿಷ್ ಪಾಠದಲ್ಲಿಯೂ 'ಕುಟುಂಬ', 'ಕವರು' ಎಂಬ ಮಾತುಗಳೇ ಉಳಿದಿವೆ. ಏಳು ವರ್ಷಗಳಲ್ಲಿ ರಾಜ್ಯ ಪುನರ್ವಿಂಗಡಣೆಯಾಗಿ ಮಂಗಳೂರಿನ ಅಪೀಲುಗಳು ಬೆಂಗಳೂರಿಗೂ ಕಾಸರಗೋಡಿನವು ಎರ್ನಾಕುಳಂಗೂ ಹೋದವು. ಕೇರಳವು 1975ರ ಕಾನೂನಿನಿಂದ, 1976ರ ಡಿಸೆಂಬರ್ 1ರಿಂದ ಜಾರಿಗೆ ಬರುವಂತೆ, ಅವಿಭಕ್ತ ಕುಟುಂಬವನ್ನೇ ರದ್ದುಗೊಳಿಸಿತು. ಕರ್ನಾಟಕದಲ್ಲಿ ಅಂಥ ರದ್ದತಿ ಆಗಲಿಲ್ಲ. ಒಂದೇ ಕಟ್ಟಿಗೆ ಒಳಪಟ್ಟಿದ್ದ ಮಂಜೇಶ್ವರ, ಬಂಟ್ವಾಳಗಳ ಮನೆತನಗಳು ಹೀಗೆ ಎರಡು ಕಾನೂನುಗಳ ಪಾಲಾದವು. 1876ರಿಂದ ಪ್ರಕಟವಾದ ಇಂಡಿಯನ್ ಲಾ ರಿಪೋರ್ಟ್ಸಿನ ಮದರಾಸು ಸಂಪುಟಗಳನ್ನೂ ಅದಕ್ಕೂ ಹಿಂದಿನ ಉಚ್ಚ ನ್ಯಾಯಾಲಯದ ವರದಿಗಳನ್ನೂ ಕನ್ನಡ ಬಲ್ಲ ಸಂಶೋಧಕರು ಇನ್ನೂ ಸಾಲಾಗಿ ಓದಬೇಕಾಗಿದೆ.